ಸ್ಕಾಟ್ಲೆಂಡಿನ ವಂಶಾವಳಿ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ ಮನೆಗೆ ಸೊಸೆಯಾಗಿ, ಅಳಿಯನಾಗಿ ಹೋದ ಕನ್ನಡಿಗರು, ಮಕ್ಕಳ ಶಾಲೆಯವರು ವಂಶವೃಕ್ಷ ಬರೆದು ತನ್ನಿ ಅಂದಾಗ ಅಪ್ಪನ ಕಡೆಯದು ಗೊತ್ತು, ಅಮ್ಮನ ಕಡೆಯದು ಹೇಗೆ ಎಂದು ಕೈಕಟ್ಟಿ ಕೂತವರು, ಮುತ್ತಜ್ಜ ಸ್ಕಾಟ್ಲೆಂಡಿನವನು ಎಂಬ ಒಂದೇ ಮಾತನ್ನು ಕೇಳಿಕೊಂಡು ಬೆಳೆದ ಬೆಂಗಳೂರಿನ ಆಂಗ್ಲೋ-ಇಂಡಿಯನ್ ಗೆಳೆಯರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಇವು. ಹಲವು ವರ್ಷ ಆ ಕಡತಗಳ ಜೊತೆ ಕಳೆದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದಿದೆ: ಸ್ಕಾಟ್ಲೆಂಡಿನ ದಾಖಲೆಗಳು ಹೆಣ್ಣಿನ ತವರು ಹೆಸರನ್ನು, ಅಂದರೆ ಮದುವೆಗೆ ಮೊದಲಿನ ಮನೆಹೆಸರನ್ನು, ಕೈಬಿಡುವುದಿಲ್ಲ. ಆ ಹೆಸರು ಹಿಡಿದು ಹೋದವರಿಗೆ ದಾರಿ ಸಿಗುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮನೆಯಿಂದ. ಬದುಕಿರುವ ಹಿರಿಯರಿಂದ. ನೇರವಾಗಿ 1700ನೇ ಇಸವಿಗೆ ಹಾರಿ, ಅಲ್ಲೊಬ್ಬ ಜಾನ್ ಮ್ಯಾಕ್‌ಡೊನಾಲ್ಡ್ ಸಿಕ್ಕನೆಂದು ಅವನನ್ನೇ ಮೂಲಪುರುಷ ಮಾಡಿಕೊಳ್ಳಬೇಡಿ. ಆ ಹೆಸರಿನವರು ಸಾವಿರಾರು ಮಂದಿ ಇದ್ದರು. ಗೊತ್ತಿರುವವರ ಜನನ, ಮದುವೆ, ಮರಣ ಮೂರನ್ನೂ ಹಿಡಿದು, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಅಜ್ಜಿಯ ಹತ್ತಿರ ಕೂತಾಗ ಇಸವಿಗಿಂತ ಮೊದಲು ಹೆಸರು, ಊರು, ಕಸುಬು ಕೇಳಿ. ಹಿರಿಯರು ಇಸವಿ ಮರೆಯುತ್ತಾರೆ. ಯಾರ ಗಂಡ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ, ಯಾರು ಕಲ್ಲಿದ್ದಲ ಗಣಿಯಲ್ಲಿ ಸತ್ತರು ಎಂಬುದನ್ನು ಮರೆಯುವುದಿಲ್ಲ. ಕುಟುಂಬದ ಬೈಬಲ್ಲಿನ ಮೊದಲ ಪುಟ, ಫೋಟೋದ ಹಿಂಬದಿ, ಸೈನ್ಯದ ಪದಕದ ಅಂಚಿನಲ್ಲಿ ಕೊರೆದ ನಂಬರು, ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ.

ದಾಖಲೆಗಳು ಎಲ್ಲಿ ಸಿಗುತ್ತವೆ? ದುಡ್ಡು ಎಷ್ಟಾಗುತ್ತದೆ?

ಬಹುಪಾಲು ಒಂದೇ ಕಡೆ ಸಿಗುತ್ತವೆ, ಇದು ದೊಡ್ಡ ಪುಣ್ಯ. ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ ನಡೆಸುವ ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ ಜನನ, ಮದುವೆ, ಮರಣ, ಜನಗಣತಿ, ಚರ್ಚಿನ ಪುಸ್ತಕ, ಉಯಿಲು ಎಲ್ಲ ಇವೆ. ಖಾತೆ ತೆರೆದು ಹೆಸರುಪಟ್ಟಿ ಹುಡುಕುವುದು ಉಚಿತ. ಮೂಲ ಪುಟದ ಚಿತ್ರ ತೆರೆಯಲು ಮಾತ್ರ ಕ್ರೆಡಿಟ್ ಕೊಳ್ಳಬೇಕು. ನಾನು ಬಳಸುತ್ತಾ ಬಂದ ಲೆಕ್ಕದಲ್ಲಿ ಒಂದು ಪುಟಕ್ಕೆ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ದರ ಬದಲಾಗುವುದುಂಟು, ನೋಡಿಕೊಳ್ಳಿ. ಖಾಸಗಿತನದ ಕಾರಣಕ್ಕೆ 100 ವರ್ಷದೊಳಗಿನ ಜನನ, 75 ವರ್ಷದೊಳಗಿನ ಮದುವೆ, 50 ವರ್ಷದೊಳಗಿನ ಮರಣದ ಚಿತ್ರಗಳು ಮನೆಯಲ್ಲಿ ಕೂತು ನೋಡಲು ಸಿಗುವುದಿಲ್ಲ, ಪ್ರಮಾಣಪತ್ರ ತರಿಸಿಕೊಳ್ಳಬೇಕು.

ಎಡಿನ್‌ಬರೋಗೆ ಹೋಗುವ ಅವಕಾಶ ಸಿಕ್ಕರೆ ಪ್ರಿನ್ಸಸ್ ಸ್ಟ್ರೀಟಿನ ಪೂರ್ವ ತುದಿಯಲ್ಲಿರುವ ಜನರಲ್ ರಿಜಿಸ್ಟರ್ ಹೌಸಿನಲ್ಲಿ ಒಂದು ದಿನ ಕೂರಿ. ರಾಬರ್ಟ್ ಆಡಮ್ ವಿನ್ಯಾಸ ಮಾಡಿದ, 1774ರಲ್ಲಿ ಅಡಿಗಲ್ಲು ಬಿದ್ದ, ಕಾಗದಪತ್ರ ಕಾಯುವುದಕ್ಕೆಂದೇ ಕಟ್ಟಿದ ಕಟ್ಟಡ ಅದು. ದಿನದ ಶುಲ್ಕ ಕಟ್ಟಿದರೆ ಎಷ್ಟು ಪುಟ ಬೇಕಾದರೂ ನೋಡಬಹುದು. ಫ್ಯಾಮಿಲಿಸರ್ಚ್ ತಾಣದಲ್ಲೂ ಹಳೆಯ ಜನನ, ಮದುವೆಗಳ ಪಟ್ಟಿ ಉಚಿತವಾಗಿದೆ. ಆದರೆ ಪಟ್ಟಿ ನೋಡಿ ತೃಪ್ತರಾಗಬೇಡಿ. ಅದು ಯಾರೋ ಓದಿ ನಕಲು ಮಾಡಿದ ಸಾಲು. ಮೂಲ ಪುಟದ ಅಂಚಿನಲ್ಲಿ ಇನ್ನೇನೋ ಬರೆದಿರುತ್ತದೆ.

ಎಲ್ಲರೂ 1855 ಎನ್ನುತ್ತಾರಲ್ಲ, ಆ ವರ್ಷದ ವಿಶೇಷವೇನು?

1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣ ನೋಂದಣಿ ಕಡ್ಡಾಯವಾಯಿತು. ಇಂಗ್ಲೆಂಡಿನಲ್ಲಿ 1837ರಲ್ಲೇ ಶುರುವಾಗಿತ್ತು. ಸ್ಕಾಟರು ತಡ ಮಾಡಿದರು, ಆದರೆ ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡಿದರು.

ಮೊದಲ ವರ್ಷದ ಪುಸ್ತಕದಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ನೋಡಿದರೆ ಸಂತೋಷವಾಗುತ್ತದೆ. ಮಗುವಿನ ಜನನಕ್ಕೆ ತಂದೆತಾಯಿಯ ಹೆಸರು ಸಾಲದು. ಇಬ್ಬರ ವಯಸ್ಸು, ಇಬ್ಬರೂ ಹುಟ್ಟಿದ ಊರು, ಮದುವೆಯಾದ ಸ್ಥಳ ಮತ್ತು ದಿನ, ಈ ಮಗುವಿಗೆ ಮೊದಲು ಹುಟ್ಟಿದವರಲ್ಲಿ ಬದುಕಿದವರೆಷ್ಟು, ತೀರಿಕೊಂಡವರೆಷ್ಟು. ಮರಣಕ್ಕೆ ಬಂದರೆ ಸತ್ತವರ ತಂದೆತಾಯಿ, ಸಂಗಾತಿ, ಎಲ್ಲ ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿ, ಕಾಯಿಲೆ, ಹೂಳಿದ ಜಾಗ. 1855ರಲ್ಲಿ ಎಂಬತ್ತು ವರ್ಷದ ಮುದುಕಿ ತೀರಿಕೊಂಡಿದ್ದರೆ, ಆ ಒಂದೇ ಸಾಲಿನಲ್ಲಿ 1770ರ ಸುಮಾರಿನಿಂದ ಮೂರು ತಲೆಮಾರು ನಿಮ್ಮ ಕಣ್ಣ ಮುಂದೆ ನಿಲ್ಲುತ್ತವೆ.

ಬರೆಯುವವರಿಗೆ ಅದು ಹೊರೆಯಾಯಿತು. ಮರುವರ್ಷವೇ ಹಲವು ಕಲಮುಗಳನ್ನು ಕೈಬಿಟ್ಟರು. 1861ರಿಂದ ತಂದೆತಾಯಿಯ ಮದುವೆಯ ದಿನ ಮತ್ತು ಸ್ಥಳ ಜನನದ ದಾಖಲೆಗೆ ಮರಳಿತು. ಆದ್ದರಿಂದ ನಿಮ್ಮ ನೇರ ಹಿರಿಯರು 1855ರ ಪುಸ್ತಕದಲ್ಲಿ ಇಲ್ಲದಿದ್ದರೆ ಅವರ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಹುಡುಕಿ. ಚಿಕ್ಕಜ್ಜನ ಕೊನೆಯ ಮಗು ಆ ವರ್ಷ ಹುಟ್ಟಿದ್ದರೂ ಸಾಕು.

ಇನ್ನೊಂದು ಮಾತು: ಸ್ಕಾಟ್ಲೆಂಡಿನ ಜನನ ದಾಖಲೆಯಲ್ಲಿ ಹುಟ್ಟಿದ ಗಂಟೆ, ನಿಮಿಷ ಇರುತ್ತದೆ. ಮೊಮ್ಮಗನ ಜಾತಕ ಬರೆಸಬೇಕೆಂದು ಬೆಂಗಳೂರಿನಿಂದ ಅಜ್ಜಿ ಕೇಳಿದರೆ ಪ್ರಮಾಣಪತ್ರ ನೋಡಿಯೇ ಹೇಳಬಹುದು.

ತಾಯಿಯ ತವರು ಹೆಸರಿನ ಬಗ್ಗೆ ಇಷ್ಟು ಒತ್ತಿ ಹೇಳುವುದು ಯಾಕೆ?

ಜೇಮ್ಸ್, ಜಾನ್, ವಿಲಿಯಂ. ಮಾರ್ಗರೆಟ್, ಜಾನೆಟ್, ಇಸಬೆಲ್ಲಾ. ಒಂದೇ ಊರಿನಲ್ಲಿ ಒಂದೇ ಹೆಸರಿನ ಐದು ಜನ ಇರುವ ದೇಶದಲ್ಲಿ ನಿಮ್ಮವರನ್ನು ಬೇರೆಯವರಿಂದ ಬಿಡಿಸುವುದು ತಾಯಿಯ ಹೆಸರು. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಿನಲ್ಲಿ ತವರು ಹೆಸರನ್ನು ಕಳೆದುಕೊಳ್ಳುತ್ತಿರಲಿಲ್ಲ. ಸಮಾಧಿಕಲ್ಲಿನ ಮೇಲೂ ಗಂಡನ ಹೆಸರಿನ ಕೆಳಗೆ ಹೆಂಡತಿಯ ತವರು ಹೆಸರೇ ಕೆತ್ತಿರುತ್ತದೆ. 1855ರ ನಂತರದ ಮದುವೆ ದಾಖಲೆಯಲ್ಲಿ ವರ, ವಧು ಇಬ್ಬರ ತಾಯಂದಿರೂ ತವರು ಹೆಸರಿನೊಂದಿಗೆ ಇದ್ದಾರೆ. ಇಂಗ್ಲೆಂಡಿನಲ್ಲಿ ಮದುವೆ ಪುಸ್ತಕಕ್ಕೆ ತಾಯಿಯ ಹೆಸರು ಸೇರಿದ್ದು 2021ರಲ್ಲಿ. ಮರಣ ದಾಖಲೆಯಲ್ಲಿ ಮಗಳ ಮನೆಯಲ್ಲಿ ಕಣ್ಣುಮುಚ್ಚಿದ ಮುದುಕಿಗೂ ಅವಳ ಅಪ್ಪ ಅಮ್ಮ ಯಾರೆಂದು ಬರೆದಿರುತ್ತದೆ.

ನಾನು ಡಂಡಿಯಲ್ಲಿದ್ದಾಗ ಮೇಲಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಡಂಡಿ ಸೆಣಬಿನ ಊರು. ಬಂಗಾಳದ ಸೆಣಬು ಅಲ್ಲಿನ ಗಿರಣಿಗಳಿಗೆ ಬರುತ್ತಿತ್ತು, ಗಿರಣಿ ಕೆಲಸದವರಲ್ಲಿ ಹೆಂಗಸರೇ ಹೆಚ್ಚು. ಅಜ್ಜಿಯ ಮುತ್ತಜ್ಜಿಯೂ ನೂಲುವವಳು. ಅವಳ ಮರಣದ ಪುಟ ತೆರೆದೆವು. ತಾಯಿಯ ತವರು ಹೆಸರು ಮದುವೆಯ ಪುಟದಲ್ಲಿದ್ದ ಹೆಸರಿಗೆ ಹೊಂದಲಿಲ್ಲ. ಬೇರೆ ಯಾರನ್ನೋ ಹಿಡಿದೆವೇನೋ ಎಂದು ಅರ್ಧ ದಿನ ಪೇಚಾಡಿದೆವು. ಕೊನೆಗೆ ಕಣ್ಣು ಬಿದ್ದದ್ದು ಪುಟದ ಬಲಗಡೆ, ಸಾವಿನ ಸುದ್ದಿ ಹೇಳಿದವರ ಕಲಮಿನ ಮೇಲೆ. ಅಲ್ಲಿ ಅಳಿಯನ ಹೆಸರು, ಮುಂದೆ ಸಹಿಯ ಬದಲು ನಡುಗುವ ಕೈಯಲ್ಲಿ ಗೀಚಿದ ಒಂದು ಗುಣಿಸು ಚಿಹ್ನೆ. ಓದು ಬರಹ ಬಾರದ ಅಳಿಯ, ಅತ್ತೆಯ ಅಮ್ಮನ ಹೆಸರು ಕೇಳಿದಾಗ ತನಗೆ ನೆನಪಿದ್ದುದನ್ನು ಹೇಳಿದ್ದ. ಮದುವೆಯ ದಿನ ಹೇಳಿದವಳು ಅವಳೇ. ಮುತ್ತಜ್ಜಿಯ ಮಾತನ್ನೇ ನಂಬಿ ಮುಂದೆ ಹೋದೆವು, ಸರಿಯಾಯಿತು. ಅಂದಿನಿಂದ ನಾನು ಯಾವ ಪುಟ ತೆರೆದರೂ ಮೊದಲು ನೋಡುವುದು ಇದನ್ನು ಹೇಳಿದವರು ಯಾರು ಎಂದು.

ಜನಗಣತಿಯಿಂದ ಏನು ತಿಳಿಯುತ್ತದೆ?

1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದದ್ದು 1921ರವರೆಗೆ ತೆರೆದಿದೆ. 1841ರದ್ದನ್ನು ಓದುವಾಗ ಎಚ್ಚರ: ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಹೇಳಿದ್ದರು, 34 ವರ್ಷದವನು 30 ಆಗುತ್ತಾನೆ. ಮನೆಯವರ ನಡುವಿನ ಸಂಬಂಧವೂ ಅದರಲ್ಲಿಲ್ಲ. 1851ರಿಂದ ಸಂಬಂಧ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ವಲಯ) ಎರಡೂ ಸಿಗುತ್ತವೆ. 1861ರಿಂದ ಕಿಟಕಿ ಇರುವ ಕೋಣೆ ಎಷ್ಟು ಎಂದು ಕೇಳಿದರು. ಒಂದು ಕಿಟಕಿಯ ಕೋಣೆಯಲ್ಲಿ ಗಂಡ, ಹೆಂಡತಿ, ಆರು ಮಕ್ಕಳು, ಮೇಲೊಬ್ಬ ಬಾಡಿಗೆಯವನು ಎಂದು ಗ್ಲಾಸ್ಗೋದ ಪುಟದಲ್ಲಿ ಓದಿದಾಗ ಮುಂದಿನ ಪುಟಕ್ಕೆ ಹೋಗಲು ಕೈ ಬರುವುದಿಲ್ಲ. 1881ರಿಂದ ಗೇಲಿಕ್ ಮಾತಾಡುವವರನ್ನು ಗುರುತಿಸಿದರು. ಗೇಲಿಕ್ ನುಡಿಯ ಗುಡ್ಡನಾಡಾದ ಹೈಲ್ಯಾಂಡಿನಿಂದ ವಲಸೆ ಬಂದವರನ್ನು ಪತ್ತೆ ಮಾಡಲು ಅದು ಒಳ್ಳೆಯ ಸುಳಿವು.

ಇಂಗ್ಲೆಂಡಿನ 1931ರ ಗಣತಿ 1942ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಸ್ಕಾಟ್ಲೆಂಡಿನದು ಎಡಿನ್‌ಬರೋದಲ್ಲಿತ್ತು, ಉಳಿಯಿತು. ನೂರು ವರ್ಷದ ನಿಯಮ ಮುಗಿದ ಮೇಲೆ ತೆರೆಯಲಿದೆ.

1855ಕ್ಕಿಂತ ಹಿಂದೆ ಹೋಗುವುದು ಹೇಗೆ?

ಇಲ್ಲಿಂದ ದಾರಿ ಕಿರಿದಾಗುತ್ತದೆ. ಅದಕ್ಕೂ ಮೊದಲು ಲೆಕ್ಕ ಇಟ್ಟವರು ಚರ್ಚ್ ಆಫ್ ಸ್ಕಾಟ್ಲೆಂಡಿನ ಸುಮಾರು 900 ಪ್ಯಾರಿಷ್‌ಗಳು. ಉಳಿದವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನ 1553ರ ಪುಸ್ತಕ. ಎಲ್ಲ ಊರಿಗೂ ಈ ಭಾಗ್ಯ ಇರಲಿಲ್ಲ. ಪಶ್ಚಿಮದ ಹೈಲ್ಯಾಂಡಿನಲ್ಲಿ, ದ್ವೀಪಗಳಲ್ಲಿ ಎಷ್ಟೋ ಕಡೆ 1800ರ ಸುಮಾರಿಗಷ್ಟೇ ಪುಸ್ತಕ ಶುರುವಾಗುತ್ತದೆ. ಅಲ್ಲಿಗೆ ಬಂದು ನಿಂತರೆ ನಿಮ್ಮ ಹುಡುಕಾಟದ ತಪ್ಪಲ್ಲ.

ಬ್ಯಾಪ್ಟಿಸಂ (ಮಗುವಿನ ಕ್ರೈಸ್ತ ದೀಕ್ಷೆ) ದಾಖಲೆಯಲ್ಲಿ ಸಾಮಾನ್ಯವಾಗಿ ತಾಯಿಯ ತವರು ಹೆಸರಿದೆ, ಸಾಕ್ಷಿಗಳ ಹೆಸರಿದೆ. ಸಾಕ್ಷಿಗಳು ಹೆಚ್ಚಾಗಿ ಸೋದರಮಾವಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು. ಮದುವೆಯಲ್ಲಿ ತಂದೆತಾಯಿಯ ಹೆಸರು ಅಪರೂಪ. ಶವಸಂಸ್ಕಾರದ ಲೆಕ್ಕ ಇನ್ನೂ ಕಡಿಮೆ, ಎಷ್ಟೋ ಕಡೆ ಶವಕ್ಕೆ ಹೊದಿಸುವ ಚರ್ಚಿನ ಬಟ್ಟೆಗೆ ಕೊಟ್ಟ ಬಾಡಿಗೆಯ ಲೆಕ್ಕವೇ ಸಾವಿನ ಏಕೈಕ ಸಾಕ್ಷಿ.

ಪುಸ್ತಕದಲ್ಲಿ ಹೆಸರಿಲ್ಲದಿರಲು ಕಾರಣಗಳಿವೆ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಇತ್ತು, ಎಷ್ಟೋ ಜನ ಬರೆಸಲೇ ಇಲ್ಲ. 1733ರಿಂದಲೇ ಮೂಲ ಚರ್ಚಿನಿಂದ ಗುಂಪುಗಳು ಒಡೆದು ಹೊರಬರತೊಡಗಿದ್ದವು. 1843ರಲ್ಲಿ ದೊಡ್ಡ ಒಡಕಾಗಿ ಫ್ರೀ ಚರ್ಚ್ ಹುಟ್ಟಿತು. ಹಾಗೆ ಹೊರಬಂದವರ ಮಕ್ಕಳು ಬೇರೆ ಪುಸ್ತಕಗಳಲ್ಲಿದ್ದಾರೆ, ಕ್ಯಾಥೊಲಿಕರು ಇನ್ನೊಂದರಲ್ಲಿ. ಮನೆಯವರ ಪಂಥ ಯಾವುದೆಂದು ತಿಳಿಯದೆ ಒಂದೇ ಪುಸ್ತಕದಲ್ಲಿ ವರ್ಷಗಟ್ಟಲೆ ಹುಡುಕಿದವರನ್ನು ನೋಡಿದ್ದೇನೆ.

ಅಪ್ಪನ ಹೆಸರಿನ ಜಾಗ ಖಾಲಿ ಇದೆ. ಇಲ್ಲಿಗೆ ಮುಗಿಯಿತೇ?

ಇಲ್ಲ. 1855ರ ನಂತರ ಮದುವೆಯಾಗದ ತಾಯಿಯ ಮಗುವಿಗೆ ತಂದೆಯ ಹೆಸರು ಬರೆಯಬೇಕಾದರೆ ಅವನೇ ಬಂದು ತಾಯಿಯ ಜೊತೆ ಸಹಿ ಹಾಕಬೇಕಿತ್ತು. ಎಲ್ಲರೂ ಬರಲಿಲ್ಲ. ಪುಟದ ಅಂಚಿನಲ್ಲಿ ತಿದ್ದುಪಡಿ ಪುಸ್ತಕದ ಉಲ್ಲೇಖ ಇದೆಯೇ ನೋಡಿ. ತಾಯಿ ಶೆರಿಫ್ ನ್ಯಾಯಾಲಯಕ್ಕೆ ಹೋಗಿ ಗೆದ್ದಿದ್ದರೆ ತಂದೆ ಇಂಥವನು ಎಂದು ಅಲ್ಲಿ ದಾಖಲಾಗಿರುತ್ತದೆ. ಆ ಮಗು ದೊಡ್ಡದಾಗಿ ಮದುವೆಯಾದಾಗ ಹೇಳಿದ ಅಪ್ಪನ ಹೆಸರನ್ನೂ ನೋಡಿ.

ಅದಕ್ಕೂ ಹಿಂದಿನದಾದರೆ ಕರ್ಕ್ ಸೆಷನ್ ಕಡತಗಳು. ಪ್ಯಾರಿಷ್‌ನ ಪಾದ್ರಿ ಮತ್ತು ಹಿರಿಯರು ಕೂತು ನಡೆಸುತ್ತಿದ್ದ ಪಂಚಾಯಿತಿಯ ನಡಾವಳಿ ಅದು. ಬಸುರಾದ ಆಳುಹೆಣ್ಣನ್ನು ಕರೆಸುತ್ತಾರೆ, ಯಾರೆಂದು ಕೇಳುತ್ತಾರೆ; ಅವಳು ಹೆಸರು ಹೇಳುತ್ತಾಳೆ; ಅವನು ಬಂದು ಅಲ್ಲ ಎನ್ನುತ್ತಾನೆ; ಮತ್ತೆ ಕರೆಸುತ್ತಾರೆ. ಒಪ್ಪಿದ ಮೇಲೆ ಭಾನುವಾರಗಳಂದು ಇಡೀ ಊರಿನ ಎದುರು ಪಶ್ಚಾತ್ತಾಪದ ಪೀಠದ ಮೇಲೆ ಕೂರಬೇಕು. ನಿಮ್ಮ ಮುತ್ತಜ್ಜಿಯ ಅಮ್ಮ ಹತ್ತೊಂಬತ್ತರ ವಯಸ್ಸಿನಲ್ಲಿ ಆ ಪೀಠದಲ್ಲಿ ಕೂತಿದ್ದನ್ನು ಓದುವುದು ಸುಲಭವಲ್ಲ. ಆದರೂ ಓದಿ, ಅವಳು ಹೇಳಿದ ಮಾತು ಉಳಿದಿರುವುದು ಅಲ್ಲಿ ಮಾತ್ರ. 2021ರಿಂದ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಈ ಸಂಪುಟಗಳ ಪುಟ ತಿರುವಿ ನೋಡಬಹುದು, ಉಚಿತವಾಗಿ. ಹೆಸರುಪಟ್ಟಿ ಇಲ್ಲ, ತಾಳ್ಮೆ ಬೇಕು.

ಬಡವರ ಮನೆತನವಾದರೆ ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿರುವ ನಗರ ಪತ್ರಾಗಾರವನ್ನು ಮರೆಯಬೇಡಿ. 1845ರ ಬಡವರ ಕಾಯ್ದೆಯ ಪ್ರಕಾರ ನೆರವು ಕೇಳಿ ಬಂದವರ ಅರ್ಜಿಗಳಲ್ಲಿ ಹುಟ್ಟೂರು, ತಂದೆತಾಯಿ, ಮಕ್ಕಳು, ಕಾಯಿಲೆ, ಬಿಟ್ಟುಹೋದ ಗಂಡ ಎಲ್ಲದರ ವಿವರ ಇದೆ. ಐರ್ಲೆಂಡಿನಿಂದ ಬಂದವರ ಮೂಲ ಊರು ಎಷ್ಟೋ ಸಲ ಇದರಲ್ಲಿ ಮಾತ್ರ ಸಿಗುತ್ತದೆ.

ಮದುವೆಯ ದಾಖಲೆಯೇ ಸಿಗುತ್ತಿಲ್ಲವಲ್ಲ?

ಚರ್ಚಿಗೆ ಹೋಗದೆ, ಸಾಕ್ಷಿಗಳ ಎದುರು ನಾವಿಬ್ಬರೂ ಗಂಡಹೆಂಡತಿ ಎಂದು ಹೇಳಿಕೊಂಡರೂ ಸ್ಕಾಟ್ಲೆಂಡಿನ ಕಾನೂನು ಒಪ್ಪುತ್ತಿತ್ತು, 1940ರ ಜುಲೈ 1ರವರೆಗೂ. ಇಂಗ್ಲೆಂಡಿನ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡಿಬರುತ್ತಿದ್ದುದು ಇದಕ್ಕೇ. ಹಾಗಾಗಿ ದಾಖಲೆ ಇಲ್ಲ ಎಂದರೆ ಮದುವೆ ಇರಲಿಲ್ಲ ಎಂದಲ್ಲ.

ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದು ಸರಿ?

ಎಲ್ಲವೂ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಮ್ಯಾಕ್ ಅಂದರೆ ಗೇಲಿಕ್ ನುಡಿಯಲ್ಲಿ ಮಗ. ಅದನ್ನು ಉದ್ದಕ್ಕೆ ಬರೆದರೂ ಮೊಟಕಾಗಿ ಬರೆದರೂ ವ್ಯತ್ಯಾಸವಿಲ್ಲ. ಒಂದು ಸ್ಕಾಟರದ್ದು, ಇನ್ನೊಂದು ಐರಿಷರದ್ದು ಎಂಬ ಮಾತು ತಪ್ಪು. ಹಳೆಯ ಸ್ಕಾಟ್ಸ್ ಬರಹದಲ್ಲಿ ಯೋಗ್ ಎಂಬ ಅಕ್ಷರವಿತ್ತು. ಅಚ್ಚುಕೂಟದಲ್ಲಿ ಅದಕ್ಕೆ ಮೊಳೆ ಇಲ್ಲದೆ ಝಡ್ ಹಾಕಿದರು. ಹಾಗಾಗಿ ಮೆಂಝೀಸ್ ಎಂದು ಬರೆದದ್ದನ್ನು ಅಲ್ಲಿಯ ಹಿರಿಯರು ಮಿಂಗಿಸ್ ಎಂದು ಹೇಳುತ್ತಾರೆ. ಶೆಟ್ಲೆಂಡ್ ದ್ವೀಪಗಳಲ್ಲಿ 19ನೇ ಶತಮಾನದಲ್ಲೂ ಅಪ್ಪನ ಹೆಸರೇ ಮಕ್ಕಳಿಗೆ ಮನೆಹೆಸರು. ತಲೆಮಾರು ಬದಲಾದಂತೆ ಮನೆಹೆಸರೂ ಬದಲು. ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು ಹಚ್ಚಿಕೊಳ್ಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಈಶಾನ್ಯದ ಮೀನುಗಾರ ಹಳ್ಳಿಗಳಲ್ಲಿ ಊರಿಗೆ ಊರೇ ಎರಡು ಮೂರು ಮನೆಹೆಸರಿನವರು, ಅದಕ್ಕೇ ಪ್ರತಿ ಮನೆಗೂ ಅಡ್ಡಹೆಸರು. ಅದು ಸರ್ಕಾರಿ ಪುಸ್ತಕಕ್ಕೂ ಹತ್ತಿದೆ.

ಆಸ್ತಿಗಾಗಿ ಮನೆಹೆಸರು ಬದಲಿಸುವುದೂ ಇತ್ತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಇಲ್ಲಿನ ಬೇಸಾಯ, ಕಸುಬುಗಳ ವಿವರ ಬರೆದ ಬುಕಾನನ್ ನಮ್ಮ ಚರಿತ್ರೆ ಓದುವವರಿಗೆಲ್ಲ ಗೊತ್ತು. ಪರ್ತ್‌ಶೈರಿನವನು. ತಾಯಿಯ ಕಡೆಯ ಆಸ್ತಿ ಬಂದಾಗ ಅವಳ ತವರು ಹೆಸರಾದ ಹ್ಯಾಮಿಲ್ಟನ್ ಇಟ್ಟುಕೊಂಡ. ಬುಕಾನನ್ ಎಂದಷ್ಟೇ ಹುಡುಕುವವರಿಗೆ ಅವನ ಕೊನೆಯ ವರ್ಷಗಳು ಸಿಗುವುದಿಲ್ಲ.

ಮಕ್ಕಳಿಗೆ ಹೆಸರಿಡುವ ಪದ್ಧತಿ ನಂಬಬಹುದೇ?

ಸುಳಿವಾಗಿ ನಂಬಿ, ಪುರಾವೆಯಾಗಿ ಬೇಡ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೂರನೆಯವನಿಗೆ ಅಪ್ಪನದೇ. ಹಿರಿಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಮೊಮ್ಮಗನಿಗೆ ತಾತನ ಹೆಸರಿಡುವ ನಮಗೆ ಇದೇನೂ ಹೊಸದಲ್ಲ. ಆ ಹೆಸರಿನ ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುತ್ತಿದ್ದರು. ಒಂದೇ ಮನೆಯಲ್ಲಿ ಎರಡು ಅಲೆಕ್ಸಾಂಡರ್ ಕಂಡರೆ ನಡುವೆ ಒಂದು ಪುಟ್ಟ ಸಾವು ಇರಬಹುದೆಂದು ಹುಡುಕಿ.

ನಮ್ಮ ಕ್ಲಾನ್ ಯಾವುದು? ಟಾರ್ಟನ್ ಯಾವುದು?

ಕ್ಲಾನ್ ಅಂದರೆ ಒಬ್ಬ ಮುಖಂಡನ ಕೆಳಗಿನ ಕುಲ. ಒಂದು ಮನೆಹೆಸರು ಇದ್ದ ಮಾತ್ರಕ್ಕೆ ಆ ಕ್ಲಾನಿನ ಮುಖಂಡನ ರಕ್ತಸಂಬಂಧಿ ಆಗುವುದಿಲ್ಲ. ಅವನ ಭೂಮಿಯಲ್ಲಿದ್ದ ರೈತರೂ ಆ ಹೆಸರು ಹಿಡಿದರು. ಒಂದೊಂದು ಹೆಸರಿಗೆ ಒಂದೊಂದು ಟಾರ್ಟನ್ (ಚೌಕುಳಿ ಬಟ್ಟೆಯ ವಿನ್ಯಾಸ) ಎಂಬ ಕಟ್ಟುಪಾಡು ಗಟ್ಟಿಯಾದದ್ದು 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ ಆಸುಪಾಸಿನಲ್ಲಿ. ಇಷ್ಟವಾದದ್ದನ್ನು ಉಡಿ. ಲಾಂಛನದ ವಿಷಯ ಬೇರೆ: ಅದು ವ್ಯಕ್ತಿಗೆ ಸೇರಿದ್ದು, ಮನೆಹೆಸರಿಗಲ್ಲ. ಸುಮ್ಮನೆ ಹಾಕಿಕೊಳ್ಳಲು ಸ್ಕಾಟ್ಲೆಂಡಿನ ಕಾನೂನು ಬಿಡುವುದಿಲ್ಲ.

ಉಯಿಲು, ಜಮೀನಿನ ಕಾಗದ?

1513ರಿಂದ 1925ರವರೆಗಿನ ಉಯಿಲುಗಳು ಆನ್‌ಲೈನಿನಲ್ಲಿವೆ. 1868ರವರೆಗೆ ಭೂಮಿಯನ್ನು ಉಯಿಲಿನಲ್ಲಿ ಬಿಟ್ಟುಕೊಡುವಂತಿರಲಿಲ್ಲ, ಅದು ಹಿರಿಮಗನಿಗೆ. ಆದ್ದರಿಂದ ಉಯಿಲಿನಲ್ಲಿ ಹಿರಿಮಗನ ಹೆಸರು ಕಾಣದಿದ್ದರೆ ಮುನಿಸು ಎಂದುಕೊಳ್ಳಬೇಡಿ. ಭೂಮಿ ಕೈಬದಲಾದದ್ದು 1617ರಿಂದ ಸೇಸೀನ್ಸ್ ಎಂಬ ನೋಂದಣಿಯಲ್ಲಿದೆ. ಬಾಡಿಗೆ ಮನೆಯವರಿಗೆ 1855ರಿಂದ ವ್ಯಾಲ್ಯುಯೇಷನ್ ರೋಲ್ ಇದೆ: ಮನೆ, ಮಾಲೀಕ, ಬಾಡಿಗೆದಾರ, ಬಾಡಿಗೆ. ಎರಡು ಜನಗಣತಿಯ ನಡುವಿನ ಹತ್ತು ವರ್ಷವನ್ನು ತುಂಬಿಕೊಡುವುದು ಇದೇ.

ಹಳೆಯ ದಿನಾಂಕ, ಹಳೆಯ ಕೈಬರಹ ಅರ್ಥವಾಗುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ 1600ರಿಂದಲೇ ವರ್ಷ ಜನವರಿ 1ಕ್ಕೆ ಶುರು. ಇಂಗ್ಲೆಂಡಿನಲ್ಲಿ 1752ರವರೆಗೆ ಮಾರ್ಚ್ 25ಕ್ಕೆ. ಗಡಿಯ ಆಚೀಚೆಯ ಕುಟುಂಬವಾದರೆ ಇದನ್ನು ನೆನಪಿಡಿ. 17ನೇ ಶತಮಾನದ ಸೆಕ್ರೆಟರಿ ಹ್ಯಾಂಡ್ ಬರವಣಿಗೆ ನಮ್ಮ ಹಳೆಯ ಮೋಡಿ ಲಿಪಿಯ ಕಡತದಂತೆ, ಕಲಿತೇ ಓದಬೇಕು. ಒಂದು ಪುಟದಲ್ಲಿ ಗೊತ್ತಿರುವ ಹೆಸರುಗಳಿಂದ ಅಕ್ಷರ ಗುರುತಿಸಿಕೊಂಡು ಉಳಿದುದಕ್ಕೆ ಹೋಗಿ.

ಭಾರತಕ್ಕೆ ಬಂದ ಸ್ಕಾಟ್ ಪೂರ್ವಜನನ್ನು ಹುಡುಕುವುದು ಹೇಗೆ?

ಸ್ಕಾಟರು ಇಲ್ಲಿಗೆ ಬಹಳ ಬಂದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲೆ ನಡೆದ ದಾಳಿಯ ಮುಂದಾಳು ಡೇವಿಡ್ ಬೇರ್ಡ್, ಮೈಸೂರಿನ ಸರ್ವೆ ಮಾಡಿ ಶಾಸನಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಝಿ, ಗ್ಲಾಸ್ಗೋದಲ್ಲಿ ಹುಟ್ಟಿ ಕೆನರಾದ ಕಲೆಕ್ಟರಾದ ಥಾಮಸ್ ಮನ್ರೋ. ಹೆಸರಿಲ್ಲದ ಸಿಪಾಯಿಗಳು, ಗುಮಾಸ್ತರು, ತೋಟದವರು ಇನ್ನೆಷ್ಟೋ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ ಅವರದೇ ಪಂಥದವರು ಕಟ್ಟಿಸಿದ್ದು.

ಇಲ್ಲಿನ ಬ್ಯಾಪ್ಟಿಸಂ, ಮದುವೆ, ಶವಸಂಸ್ಕಾರದ ಲೆಕ್ಕದ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಕಡತಗಳ ಗುರುತು ಹೀಗಿದೆ: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬಾಂಬೆ. ಬೆಂಗಳೂರು, ಮೈಸೂರು, ಬಳ್ಳಾರಿಯವರು ಮೊದಲು ಎನ್/2 ನೋಡಿ. ಧಾರವಾಡ, ಬೆಳಗಾವಿಯವರು ಎನ್/3. ಫೈಂಡ್‌ಮೈಪಾಸ್ಟ್ ತಾಣದಲ್ಲಿ ಇವುಗಳ ಚಿತ್ರಗಳಿವೆ. ಬ್ರಿಟಿಷ್ ಭಾರತದ ಕುಟುಂಬಗಳನ್ನು ಹುಡುಕುವವರ ಫಿಬಿಸ್ ಎಂಬ ಸಂಘದ ಪಟ್ಟಿಗಳನ್ನು ಉಚಿತವಾಗಿ ಹುಡುಕಬಹುದು.

ಈ ಪುಟಗಳಲ್ಲಿ ಒಂದು ನೋವಿದೆ, ಮೊದಲೇ ಹೇಳುತ್ತೇನೆ. ಸ್ಕಾಟ್ಲೆಂಡಿನ ಪುಸ್ತಕ ಕೂಲಿ ಹೆಣ್ಣಿನ ಅಮ್ಮನ ತವರು ಹೆಸರನ್ನೂ ಬಿಡದೆ ಬರೆಯಿತು. ಅದೇ ಊರಿನ ಗಂಡಸು ಇಲ್ಲಿಗೆ ಬಂದು, ಇಲ್ಲಿನ ಹೆಣ್ಣಿನಲ್ಲಿ ಪಡೆದ ಮಗುವನ್ನು ಚರ್ಚಿಗೆ ತಂದಾಗ, ತಾಯಿಯ ಜಾಗದಲ್ಲಿ ಎಷ್ಟೋ ಸಲ ದೇಶೀ ಹೆಂಗಸು ಎಂದಷ್ಟೇ ಇದೆ, ಇಲ್ಲವೇ ಏನೂ ಇಲ್ಲ. ಬೆಂಗಳೂರಿನ ಗೆಳತಿಯೊಬ್ಬಳು ಅಂಥ ಪುಟವನ್ನು ತೆರೆದು, ತಂದೆಯ ಹೆಸರಿನ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಅಲ್ಲಿಗೆ ಬಿಡಬೇಡಿ. ಅವನ ಉಯಿಲು ಹುಡುಕಿ. ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎಲ್/ಎಜಿ/34/29 ಎಂಬ ಸರಣಿ ಉಯಿಲುಗಳದ್ದು. ಕಂಪನಿಯ ಎಷ್ಟೋ ಅಧಿಕಾರಿಗಳು ಜೊತೆಗಿದ್ದ ಹೆಣ್ಣಿಗೆ ತಿಂಗಳ ಹಣ, ಮಕ್ಕಳಿಗೆ ಓದಿನ ಖರ್ಚು ಬರೆದಿಟ್ಟರು. ಬ್ಯಾಪ್ಟಿಸಂ ಪುಸ್ತಕ ಬಿಟ್ಟ ಹೆಸರನ್ನು ಹಣ ಸಂದಾಯ ಮಾಡಬೇಕಾದ ಉಯಿಲು ಬರೆಯಲೇಬೇಕಾಗುತ್ತಿತ್ತು. ಸ್ಕಾಟ್ಲೆಂಡಿನಲ್ಲಿ ಅವನಿಗೆ ಹಣ, ಸಾಮಾನು ಏನಾದರೂ ಇದ್ದರೆ ಎಡಿನ್‌ಬರೋದ ಕಮಿಸರಿ ನ್ಯಾಯಾಲಯದ ಕಡತವನ್ನೂ ನೋಡಿ. ಹೊರದೇಶದಲ್ಲಿ ಸತ್ತವರ ಉಯಿಲು ಅಲ್ಲಿಗೆ ಬರುತ್ತಿತ್ತು. ಗೆಳತಿಗೆ ಸಿಕ್ಕಿದ್ದು ಉಯಿಲಿನ ಮೂರನೆಯ ಪುಟದಲ್ಲಿ. ಇಂಗ್ಲಿಷ್ ಕಿವಿಗೆ ಕೇಳಿದಂತೆ ಕಾಗುಣಿತ ಕೆಟ್ಟಿತ್ತು. ಜೋರಾಗಿ ಓದಿಕೊಂಡಳು, ಎರಡನೇ ಸಲಕ್ಕೆ ಅದು ನಮ್ಮ ಕಡೆಯ ಹೆಸರಾಯಿತು.